ಮನೆಗೆ ನಕ್ಷತ್ರ ಕೊಡುವವರ ಕೈಯಲ್ಲಿ ಮೊದಲು ಟೇಪು ಇರಲಿ

ಮಾನ್ಯ ಸಂಪಾದಕರೇ,

ಫ್ರಿಜ್ಜು, ಎಸಿಗಳ ಮೇಲೆ ಅಂಟಿಸುವ ನಕ್ಷತ್ರದ ಚೀಟಿ ಮನೆಗಳಿಗೂ ಬಂದು ಕೆಲವು ವರ್ಷಗಳಾದವು. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರ ಡಿಸೆಂಬರ್‌ನಲ್ಲಿ ವಾಸದ ಕಟ್ಟಡಗಳ ಇಂಧನ ನಿಯಮಾವಳಿಯಾದ ಇಕೋ ನಿವಾಸ್ ಸಂಹಿತೆಯ ಮೊದಲ ಭಾಗವನ್ನು ಹೊರತಂದಿತು. 2019ರಲ್ಲಿ ವಾಸದ ಕಟ್ಟಡಗಳಿಗೆ ಸ್ವಇಚ್ಛೆಯ ಸ್ಟಾರ್ ಲೇಬಲ್ ಶುರುವಾಯಿತು. 2022ರ ತಿದ್ದುಪಡಿಯಾದ ಮೇಲೆ ಇಂಧನ ಸಂರಕ್ಷಣಾ ಕಾಯ್ದೆ ದೊಡ್ಡ ವಸತಿ ಸಮುಚ್ಚಯಗಳನ್ನೂ ಮುಟ್ಟುತ್ತದೆ. ಎಷ್ಟು ನಕ್ಷತ್ರ ಬೇಕು, ಯಾರಿಗೆ ಕಡ್ಡಾಯ ಎಂಬ ಮಾತು ಬೇಕಾದಷ್ಟು ಆಗಿದೆ. ಮನೆಯ ಇಂಧನ ಲೆಕ್ಕ ಹಾಕುವ ಅಸೆಸರ್ ಏನು ಕಲಿತಿರಬೇಕು, ಯಾವ ಸಾಫ್ಟ್‌ವೇರ್ ಬಳಸಬೇಕು, ಅವರ ಶುಲ್ಕವನ್ನು ಯಾರು, ಯಾವ ಹಂತದಲ್ಲಿ ಕೊಡಬೇಕು ಎಂಬುದನ್ನು ಯಾರೂ ಕೇಳುತ್ತಿಲ್ಲ. ಈ ಕೆಲಸದ ಒಳಹೊರಗು ಬಲ್ಲವರಾಗಿ ನಾವು ಹೇಳುವುದಿಷ್ಟು: ಲೆಕ್ಕ ಕೆಡುವುದು ಸಾಫ್ಟ್‌ವೇರ್ ಒಳಗಲ್ಲ, ಅದಕ್ಕೆ ತುಂಬುವ ನಾಲ್ಕಾರು ಅಂಕಿಗಳಲ್ಲಿ. ಆ ಅಂಕಿಗಳನ್ನು ಸೈಟಿಗೆ ಹೋಗಿ ನೋಡುವವರು ಇವತ್ತು ಇಲ್ಲವೆನ್ನುವಷ್ಟು ಕಡಿಮೆ.

ಒಂದು ಲೆಕ್ಕವನ್ನೇ ಬಿಡಿಸಿ ನೋಡೋಣ. 2018ರ ಸಂಹಿತೆಯ ಮುಖ್ಯ ಅಳತೆಗೋಲು ಆರ್‌ಇಟಿವಿ. ತಾರಸಿಯನ್ನು ಬಿಟ್ಟು, ಹೊರಗೋಡೆ ಮತ್ತು ಕಿಟಕಿಗಳ ಮೂಲಕ ಒಳಗೆ ಬರುವ ಶಾಖವನ್ನು ಹೊರಮೈಯ ಚದರ ಮೀಟರಿಗೆ ಇಷ್ಟು ವಾಟ್ ಎಂದು ಇದು ಹೇಳುತ್ತದೆ. ಮಿತಿ 15 ವಾಟ್. ಬೆಂಗಳೂರು ಬರುವುದು ಸಮಶೀತೋಷ್ಣ ವಲಯದಲ್ಲಿ. ಆ ವಲಯಕ್ಕೆ ಸೂತ್ರದ ಮೂರು ಗುಣಕಗಳು ಹೀಗಿವೆ: ಗೋಡೆ ದಾಟಿ ಬರುವ ಶಾಖಕ್ಕೆ 3.38, ಗಾಜು ದಾಟಿ ಬರುವ ಶಾಖಕ್ಕೆ 0.37, ಗಾಜಿನೊಳಗಿಂದ ನೇರ ಬರುವ ಬಿಸಿಲಿಗೆ 63.69. ಮೂರನೆಯದರ ಗಾತ್ರ ನೋಡಿದರೇ ಸಾಕು, ಬೆಂಗಳೂರಿನ ಮನೆಗೆ ಬಿಸಿ ಬರುವ ದಾರಿ ಯಾವುದೆಂದು ತಿಳಿಯುತ್ತದೆ.

ಹೊರಮೈಯ ಶೇ 20 ಭಾಗ ಕಿಟಕಿ, ಉಳಿದದ್ದು ಗೋಡೆ ಎಂದಿಟ್ಟುಕೊಳ್ಳಿ. ಗೋಡೆ 230 ಮಿಲಿಮೀಟರ್ ಸುಟ್ಟ ಇಟ್ಟಿಗೆಯದು, ಎರಡೂ ಕಡೆ ಗಾರೆ, ಯು ಮೌಲ್ಯ, ಅಂದರೆ ಶಾಖ ದಾಟಿಸುವ ಪ್ರಮಾಣ, ಸುಮಾರು 2. ಗಾಜು ಸಾದಾ, ಒಂದೇ ಪದರ. ಯು ಮೌಲ್ಯ 5.8, ಬಿಸಿಲು ಬಿಡುವ ಪ್ರಮಾಣ, ಅಂದರೆ ಎಸ್‌ಎಚ್‌ಜಿಸಿ, 0.82. ಕಿಟಕಿಗಳು ನಾಲ್ಕೂ ದಿಕ್ಕಿಗೆ ಸಮನಾಗಿ ಹಂಚಿವೆ, ಮೇಲೆ ಸಜ್ಜಾ ಇಲ್ಲ. ಗೋಡೆಯಿಂದ 5.4, ಗಾಜು ದಾಟಿ 0.4, ಬಿಸಿಲಿನಿಂದ 10.4, ಒಟ್ಟು 16 ದಾಟಿತು, ಫೇಲು. ಈಗ ಗೋಡೆಯನ್ನು ಮುಟ್ಟದೆ, ಸಜ್ಜಾ ಮತ್ತು ಪಕ್ಕದ ಫಿನ್ ಹಾಕಿ ಆ 0.82ನ್ನು 0.6ಕ್ಕೆ ಇಳಿಸಿದರೆ ಒಟ್ಟು 13.5 ಆಗುತ್ತದೆ. ಸಜ್ಜಾ ಬಿಟ್ಟು, ಗೋಡೆಯನ್ನು 200 ಮಿಲಿಮೀಟರ್ ಎಎಸಿ (ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್) ಬ್ಲಾಕಿನಲ್ಲಿ ಕಟ್ಟಿದರೆ ಯು ಮೌಲ್ಯ 0.77ರ ಹತ್ತಿರ ಬರುತ್ತದೆ, ಒಟ್ಟು 13. ಎರಡು ದಾರಿಗಳ ನಡುವೆ ಇರುವ ಅಂತರ ಅರ್ಧ ವಾಟ್. ಇದನ್ನು ಒಮ್ಮೆ ಕೈಯಲ್ಲಿ ಹಾಕಿ ನೋಡಿದ ಅಸೆಸರ್ ಬಿಲ್ಡರ್‌ಗೆ ಸರಿಯಾದ ಸಲಹೆ ಕೊಡಬಲ್ಲ. ಬರೀ ಸಾಫ್ಟ್‌ವೇರ್ ಒತ್ತಲು ಕಲಿತವನು ದುಬಾರಿ ಗಾಜನ್ನು ಬರೆಯುತ್ತಾನೆ.

ಇದೇ ಲೆಕ್ಕದಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂಬುದು ನಮ್ಮ ಮುಖ್ಯ ಮಾತು. ಮೊದಲನೆಯದು ಉತ್ತರ ದಿಕ್ಕು. ಕರ್ನಾಟಕದ ಅಕ್ಷಾಂಶಕ್ಕೆ ಸಂಹಿತೆ ಕೊಟ್ಟಿರುವ ದಿಕ್ಕಿನ ಗುಣಕ ಉತ್ತರಕ್ಕೆ 0.659, ದಕ್ಷಿಣಕ್ಕೆ 0.966, ಪೂರ್ವಕ್ಕೆ 1.155, ಪಶ್ಚಿಮಕ್ಕೆ 1.156. ಮೇಲೆ ಲೆಕ್ಕ ಹಾಕಿದ ಮನೆಯ ಕಿಟಕಿಗಳನ್ನೆಲ್ಲ ಉತ್ತರ-ದಕ್ಷಿಣಕ್ಕೆ ಇಟ್ಟರೆ ಬಿಸಿಲಿನ ಪಾಲು 8.5, ಪೂರ್ವ-ಪಶ್ಚಿಮಕ್ಕೆ ಇಟ್ಟರೆ 12. ಗೋಡೆಯ ಪಾಲು ಹಾಗೇ ಇದೆ ಎಂದುಕೊಂಡರೂ, ಒಂದೇ ಮನೆ ಒಂದು ಕಡೆ ತಿರುಗಿದಾಗ ಪಾಸು, 90 ಡಿಗ್ರಿ ತಿರುಗಿದಾಗ ಫೇಲು. ಆದರೂ ನಕ್ಷೆಯ ಮೂಲೆಯಲ್ಲಿರುವ ಬಾಣವನ್ನು ಯಾರೂ ಪರೀಕ್ಷಿಸುವುದಿಲ್ಲ. ಬೇರೆ ಸೈಟಿನ ನಕ್ಷೆಯಿಂದ ಕಾಪಿ ಆಗಿ ಬಂದ ಬಾಣಗಳು ಎಷ್ಟೋ. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬಿ ಕಟ್ಟಿದ ಪಿಲ್ಲರ್ ಪಕ್ಕ ಹಿಡಿದರೆ ಅದು ಎತ್ತಲೋ ತಿರುಗುತ್ತದೆ. ಕಟ್ಟಡದಿಂದ ದೂರ ರಸ್ತೆಯಲ್ಲಿ ನಿಂತು ನೋಡಿ, ಉಪಗ್ರಹ ಚಿತ್ರದ ಜೊತೆ ತಾಳೆ ಹಾಕಬೇಕು. ನಮ್ಮಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಅಂತರ ಒಂದೆರಡು ಡಿಗ್ರಿಯಷ್ಟೆ, ಅದರ ಚಿಂತೆ ಬೇಡ.

ಎರಡನೆಯದು ಸಜ್ಜಾ. ನಕ್ಷೆಯಲ್ಲಿ 600 ಮಿಲಿಮೀಟರ್ ಬರೆದು ಸೈಟಿನಲ್ಲಿ 450 ಎರಕ ಹಾಕಿರುತ್ತಾರೆ. ಎಲಿವೇಶನ್ ನೀಟಾಗಿ ಕಾಣಲಿ ಎಂದು ಎಷ್ಟೋ ಕಡೆ ತೆಗೆದೇ ಹಾಕಿರುತ್ತಾರೆ. ಲೆಕ್ಕಕ್ಕೆ ಬೇಕಾದದ್ದು ಸಜ್ಜಾದ ಚಾಚನ್ನು, ಕಿಟಕಿಯ ಕೆಳ ಅಂಚಿನಿಂದ ಸಜ್ಜಾದ ತಳದವರೆಗಿನ ಎತ್ತರದಿಂದ ಭಾಗಿಸಿದ ಅಂಕಿ. 1.2 ಮೀಟರ್ ಕಿಟಕಿಯ ಮೇಲೆ 150 ಮಿಲಿಮೀಟರ್ ಬಿಟ್ಟು 450ರ ಸಜ್ಜಾ ಇದ್ದರೆ ಅದು 0.33. ಬರೀ ಕಿಟಕಿಯ ಎತ್ತರದಿಂದ ಭಾಗಿಸಿ 0.38 ಎಂದು ಬರೆಯುವುದು ಸಾಮಾನ್ಯ ತಪ್ಪು.

ಮೂರನೆಯದು ಕಾಂಕ್ರೀಟು. 'ಎಎಸಿ ಗೋಡೆ' ಎಂದು ಬರೆದ ಕಟ್ಟಡದ ಹೊರಮೈಯಲ್ಲಿ ಪಿಲ್ಲರು, ಬೀಮುಗಳೂ ಇರುತ್ತವೆ. ಗೋಡೆಯ ಶೇ 20 ಭಾಗ ಕಾಂಕ್ರೀಟ್ ಆದರೂ 0.77 ಇದ್ದ ಯು ಮೌಲ್ಯ 1.2ಕ್ಕೆ ಏರುತ್ತದೆ. ಅಲ್ಯೂಮಿನಿಯಂ ಫಾರ್ಮ್‌ವರ್ಕ್ ಇಟ್ಟು ಇಡೀ ಗೋಡೆಯನ್ನೇ ಎರಕ ಹೊಯ್ಯುವ ಕಟ್ಟಡಗಳಲ್ಲಂತೂ, ಸೈಟಿನವರ ಬಾಯಲ್ಲಿ ಅದು ಮೈವಾನ್, 160 ಮಿಲಿಮೀಟರ್ ಗೋಡೆಯ ಯು ಮೌಲ್ಯ 3ರ ಮೇಲೆ. ಅಂಥ ಗೋಡೆಯಿದ್ದರೆ, ಒಳ್ಳೆಯ ಸಜ್ಜಾ ಹಾಕಿದರೂ ನಾವು ಲೆಕ್ಕ ಹಾಕಿದ ಮನೆ ಫೇಲು. ಗಾರೆ ಬಿದ್ದ ಮೇಲೆ ಎಲ್ಲ ಗೋಡೆಯೂ ಒಂದೇ ಥರ ಕಾಣುವುದರಿಂದ ಇದನ್ನು ಗಾರೆಗೆ ಮುಂಚೆಯೇ ನೋಡಬೇಕು.

ಗಾಜಿನ ಕ್ಯಾಟಲಾಗಿನದು ಇನ್ನೊಂದು ಕಥೆ. ಕೆಲವರು ಎಸ್‌ಎಚ್‌ಜಿಸಿ ಕೊಡುತ್ತಾರೆ, ಕೆಲವರು ಶೇಡಿಂಗ್ ಕೋಎಫಿಶಿಯೆಂಟ್ ಕೊಡುತ್ತಾರೆ. ಎರಡನೆಯದನ್ನು 0.87ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ, 0.60 ಎಂದಿದ್ದರೆ ನಿಜವಾದದ್ದು 0.52. ಬಿಸಿಲು ತಡೆಯಲೆಂದು ಕಪ್ಪು ಗಾಜು ಹಾಕಿದರೆ ಬೆಳಕಿನ ಷರತ್ತು ಅಡ್ಡ ಬರುತ್ತದೆ: ಕಿಟಕಿ-ಗೋಡೆ ಅನುಪಾತ 0.30ರವರೆಗೆ ಇದ್ದಾಗ ಗಾಜು ಕನಿಷ್ಠ ಶೇ 27ರಷ್ಟು ಬೆಳಕು ಬಿಡಬೇಕು. ತಾರಸಿಗೆ ಬಿಳಿ ಬಣ್ಣ ಬಳಿದು 'ಯು ಮೌಲ್ಯ ಇಳಿಯಿತು' ಎಂದು ಬರೆದ ವರದಿಗಳೂ ಇವೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಒಳ್ಳೆಯದೇ. ಆದರೆ ಯು ಮೌಲ್ಯ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಬರಿಯ ಆರ್‌ಸಿಸಿ ತಾರಸಿಯ ಯು ಮೌಲ್ಯ 3ರ ಹತ್ತಿರ, ಸಂಹಿತೆಯ ಮಿತಿ 1.2. ಅಲ್ಲಿಗೆ ಇಳಿಸಲು ಇನ್ಸುಲೇಶನ್ ಪದರವೇ ಬೇಕು.

ಗಾಳಿಯ ಲೆಕ್ಕದಲ್ಲಿ ಆಗುವ ತಪ್ಪು ಇವೆಲ್ಲಕ್ಕಿಂತ ದೊಡ್ಡದು. ಸಮಶೀತೋಷ್ಣ ವಲಯದಲ್ಲಿ ತೆರೆಯಬಹುದಾದ ಕಿಟಕಿಯ ವಿಸ್ತೀರ್ಣ ಕಾರ್ಪೆಟ್ ಏರಿಯಾದ ಶೇ 12.5 ಇರಬೇಕು, ಮಂಗಳೂರಿನಂಥ ಸೆಖೆಯ ವಲಯದಲ್ಲಿ ಶೇ 16.66. ಬೆಂಗಳೂರಿನ 80 ಚದರ ಮೀಟರ್ ಫ್ಲ್ಯಾಟಿಗೆ 10 ಚದರ ಮೀಟರ್ ಬೇಕು. ಬಾಗಿಲಿನಂತೆ ತೆರೆಯುವ ಕಿಟಕಿಯ ಶೇ 90 ಭಾಗ ಲೆಕ್ಕಕ್ಕೆ ಸಿಗುತ್ತದೆ, ಹಾಗಾಗಿ 11.1 ಚದರ ಮೀಟರ್ ಕಿಟಕಿ ಸಾಕು. ಎರಡು ಗಾಜಿನ ಸ್ಲೈಡಿಂಗ್ ಕಿಟಕಿಯಲ್ಲಿ ಸಿಗುವುದು ಶೇ 50, ಆಗ 20 ಚದರ ಮೀಟರ್ ಬೇಕು. ಮೂರು ಗಾಜಿನದಕ್ಕೆ ಶೇ 67. ಎಡವುವುದು ಇಲ್ಲೇ: ಕಿಟಕಿಗೆ ಮೂರು ಟ್ರ್ಯಾಕ್ ಕಂಡ ತಕ್ಷಣ 67 ಬರೆದುಬಿಡುತ್ತಾರೆ. ಮೂರನೆಯ ಟ್ರ್ಯಾಕಿನಲ್ಲಿ ಇರುವುದು ಸೊಳ್ಳೆ ಜಾಲರಿ, ಗಾಜು ಎರಡೇ. ಕಾರಿಡಾರಿಗೆ ತೆರೆಯುವ ಮುಂಬಾಗಿಲನ್ನು ಸೇರಿಸುವವರೂ ಉಂಟು. ಅದು ಲೆಕ್ಕಕ್ಕಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ತರಬೇತಿ ಹೇಗಿರಬೇಕೆಂದು ಹೇಳುವುದು ಸುಲಭ. ಬ್ಯೂರೊ ನಡೆಸುವ ಎನರ್ಜಿ ಆಡಿಟರ್ ಪರೀಕ್ಷೆ ಪಾಸಾದವರನ್ನೇ ಈ ಕೆಲಸಕ್ಕೂ ಹಚ್ಚಿದರಾಯಿತು ಎಂಬ ವಾದವಿದೆ. ಆ ಪರೀಕ್ಷೆಯ ನಾಲ್ಕು ಪತ್ರಿಕೆಗಳು ಹೆಚ್ಚಾಗಿ ಬಾಯ್ಲರು, ಫರ್ನೇಸು, ಕಂಪ್ರೆಸರು, ಮೋಟಾರುಗಳ ಸುತ್ತ ಇರುವಂಥವು. ಕಾರ್ಖಾನೆಗೆ ಅದು ಒಳ್ಳೆಯ ಪರೀಕ್ಷೆ. ಸಜ್ಜಾ ಅಳೆಯುವುದನ್ನು ಅದು ಕಲಿಸುವುದಿಲ್ಲ. ನಮ್ಮ ಪ್ರಕಾರ ಇದಕ್ಕೆ ತಕ್ಕವರು ಸಿವಿಲ್ ಡಿಪ್ಲೊಮಾ ಮಾಡಿದವರು, ಐಟಿಐ ಡ್ರಾಫ್ಟ್ಸ್‌ಮನ್‌ಗಳು, ಐದಾರು ವರ್ಷ ಸೈಟಿನಲ್ಲಿ ನಿಂತವರು. ಅವರಿಗೆ ಮೊದಲು ಒಂದು ಫ್ಲ್ಯಾಟಿನ ಆರ್‌ಇಟಿವಿಯನ್ನು ಪೆನ್ನು, ಕ್ಯಾಲ್ಕುಲೇಟರಿನಲ್ಲಿ ಹಾಕಿಸಬೇಕು. ಆಮೇಲೆ ಎರಡು ಮನೆಗಳನ್ನು ಗುರುವಿನ ಜೊತೆ, ಮೂರು ಮನೆಗಳನ್ನು ಒಬ್ಬರೇ ಅಳೆದು ತಂದು ತಿದ್ದಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಬೇಕೆಂದೇ ತಪ್ಪು ಸೇರಿಸಿದ ನಕ್ಷೆ ಕೊಡಬೇಕು: ತಿರುಗಿದ ಬಾಣ, ಅಡಿಯಲ್ಲಿ ಬರೆದ ಅಳತೆ, ಜಾಲರಿಯ ಟ್ರ್ಯಾಕು. ನಕ್ಷೆ ಅಡಿಯಲ್ಲಿ, ಸಾಫ್ಟ್‌ವೇರ್ ಮೀಟರಿನಲ್ಲಿ. ಚದರ ಅಡಿಯನ್ನು ಹಾಗೇ ತುಂಬಿದರೆ ವಿಸ್ತೀರ್ಣ 10.76 ಪಟ್ಟು ಉಬ್ಬುತ್ತದೆ. ಪಾಠ, ಪರೀಕ್ಷೆ ಎರಡೂ ಕನ್ನಡದಲ್ಲಿ ಇರಬೇಕೆಂದು ಬೇರೆ ಹೇಳಬೇಕಿಲ್ಲ. ಮೇಸ್ತ್ರಿಯ ಜೊತೆ ಮಾತಾಡಲಾಗದ ಅಸೆಸರ್‌ಗೆ ಅರ್ಧ ಮಾಹಿತಿ ಸಿಗುವುದೇ ಇಲ್ಲ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸಂಹಿತೆಯ ಲೆಕ್ಕಕ್ಕೆ ಬ್ಯೂರೊದ ಉಚಿತ ಸಾಧನವೇ ಇದೆ, ಸ್ಪ್ರೆಡ್‌ಶೀಟಿನಲ್ಲೂ ಆಗುತ್ತದೆ. ವರ್ಷದ ಗಂಟೆಗಂಟೆಯ ಲೆಕ್ಕ ಬೇಕಾದಾಗ ಎನರ್ಜಿಪ್ಲಸ್ ಉಚಿತವಾಗಿಯೇ ಸಿಗುತ್ತದೆ. ಐರ್ಲೆಂಡಿನಲ್ಲಿ ಮನೆಗಳ ರೇಟಿಂಗಿಗೆ ಬಳಸುವ ಡೀಪ್ ಎಂಬ ಸಾಧನವೂ ಸರ್ಕಾರಿ ಸಂಸ್ಥೆಯದು, ಉಚಿತ. ಆಸ್ಟ್ರೇಲಿಯಾದಲ್ಲಿ ಸಾಫ್ಟ್‌ವೇರ್‌ಗಳು ಹಲವು, ಒಳಗೆ ಓಡುವ ಲೆಕ್ಕದ ಎಂಜಿನ್ ಮಾತ್ರ ಒಂದೇ. ಹೊಸಬರ ಮೇಲೆ ವರ್ಷವರ್ಷವೂ ದುಬಾರಿ ಲೈಸೆನ್ಸ್ ಹೊರಿಸಿದರೆ ಅವರು ಅದನ್ನು ಮೊದಲು ಕಳೆಯುವುದು ಸೈಟ್ ಭೇಟಿಯ ಖರ್ಚಿನಲ್ಲಿ. ಸಾಧನದ ಆವೃತ್ತಿ ಸಂಖ್ಯೆ ಮತ್ತು ತುಂಬಿದ ಅಂಕಿಗಳ ಪೂರ್ತಿ ಹಾಳೆ ಪ್ರಮಾಣಪತ್ರದ ಜೊತೆಗೇ ಮನೆ ಕೊಳ್ಳುವವರ ಕೈಗೆ ಬರಬೇಕು. ಇದೊಂದು ಷರತ್ತು ಸಾಕು.

ಇನ್ನು ಶುಲ್ಕ. ಚದರ ಅಡಿಗೆ ಇಷ್ಟು ಎಂಬ ಪದ್ಧತಿ ತಪ್ಪು. ನಾಲ್ಕು ಬಗೆಯ ಫ್ಲ್ಯಾಟುಗಳಿರುವ ಕಟ್ಟಡ 4 ಮಹಡಿಯದಾದರೂ 20 ಮಹಡಿಯದಾದರೂ ನಕ್ಷೆಯ ಕೆಲಸ ಹೆಚ್ಚುಕಡಿಮೆ ಒಂದೇ. ಅತ್ತ 30×40 ಸೈಟಿನ ಒಂಟಿ ಮನೆಗೆ ವಿಸ್ತೀರ್ಣ ಸಣ್ಣದು, ಶ್ರಮ ಅಷ್ಟೇ. ಮೂಲ ಶುಲ್ಕ, ಫ್ಲ್ಯಾಟಿನ ಬಗೆಯೊಂದಕ್ಕೆ ಇಷ್ಟು, ಎರಡು ಸೈಟ್ ಭೇಟಿಗೆ ಇಷ್ಟು ಎಂದು ಬಿಡಿಸಿ ನಿಗದಿ ಮಾಡಬೇಕು. ಗಾರೆಗೆ ಮುಂಚೆ ಒಂದು ಭೇಟಿ, ಕಿಟಕಿ ಕೂರಿಸಿದ ಮೇಲೆ ಒಂದು. ಭೇಟಿಯ ಸಾಲು ಬಿಲ್ಲಿನಲ್ಲಿ ಬೇರೆಯಾಗಿ ಕಾಣದಿದ್ದರೆ ಭೇಟಿ ಆಗುವುದಿಲ್ಲ, ಇದು ಖಾತ್ರಿ.

ಅದಕ್ಕಿಂತ ಮುಖ್ಯ, ಹಣ ಕೈಸೇರುವ ಹೊತ್ತು. ಸರ್ಟಿಫಿಕೇಟ್ ಬಂದ ಮೇಲೆ ಪೂರ್ತಿ ದುಡ್ಡು ಎಂಬ ಕರಾರಿನಲ್ಲಿ 15.3 ಬಂದ ಲೆಕ್ಕ 14.9 ಆಗಲು ಸಜ್ಜಾದ ಅಂಕಿಯೊಂದನ್ನು ಸ್ವಲ್ಪ ಜರುಗಿಸಿದರೆ ಸಾಕು. ಬಿಲ್ಡರ್ ಕೊಡುವ ಶುಲ್ಕ ಇಂಧನ ಸಂರಕ್ಷಣೆಗೆ ರಾಜ್ಯದ ನಿಯೋಜಿತ ಸಂಸ್ಥೆಯಾದ ಕ್ರೆಡಲ್‌ಗೆ ಜಮೆಯಾಗಿ, ಅಸೆಸರ್‌ನನ್ನು ಸರದಿಯ ಮೇಲೆ ಅಲ್ಲಿಂದಲೇ ಕಳಿಸಬೇಕೆಂಬುದು ನಮ್ಮ ಸಲಹೆ. ಪಾಸಾಗಲಿ ಫೇಲಾಗಲಿ ಶುಲ್ಕ ಒಂದೇ. ಅದರಲ್ಲೊಂದು ಪಾಲು ಮರುಪರೀಕ್ಷೆಗೆ ಮೀಸಲಿರಲಿ. ಅಮೆರಿಕದಲ್ಲಿ ಮನೆಗಳ ಇಂಧನಕ್ಕೆ ಹರ್ಸ್ ಎಂಬ ರೇಟಿಂಗ್ ನಡೆಸುವ ರೆಸ್‌ನೆಟ್ ವ್ಯವಸ್ಥೆಯಲ್ಲಿ ಪ್ರತಿ ರೇಟರ್‌ನ ಶೇ 10 ಕಡತಗಳನ್ನೂ ಶೇ 1ರಷ್ಟು ಮನೆಗಳನ್ನೂ ಬೇರೆಯವರು ಮತ್ತೆ ನೋಡುತ್ತಾರೆ. ನಾವು ಹೊಸದಾಗಿ ಶುರು ಮಾಡುವವರು, ಮೊದಲ ಎರಡು ವರ್ಷ ಮನೆಗಳ ಪಾಲನ್ನು ಶೇ 5ಕ್ಕೆ ಏರಿಸಿದರೂ ತಪ್ಪಿಲ್ಲ.

ಕೊನೆಗೊಂದು ಅಳತೆಯ ವಿಚಾರ. 2018ರ ಸಂಹಿತೆ ತನ್ನ ವ್ಯಾಪ್ತಿಗೆ ಇಟ್ಟುಕೊಂಡದ್ದು 500 ಚದರ ಮೀಟರಿನಿಂದ ಮೇಲಿನ ನಿವೇಶನಗಳನ್ನು. 40×60 ಸೈಟು 223 ಚದರ ಮೀಟರ್, 60×90 ಸೈಟು ಕೂದಲೆಳೆಯಲ್ಲಿ 500 ದಾಟುತ್ತದೆ. ನಗರದ ಒಂಟಿ ಮನೆಗಳು ಬಹುಪಾಲು ಹೊರಗೇ ಉಳಿಯುತ್ತವೆ, ಅವರಿಗಿರುವುದು ಸ್ವಇಚ್ಛೆಯ ಲೇಬಲ್ ಒಂದೇ. ಅಂಥ ಮನೆ ಕಟ್ಟಿಸುವವರು ಅಸೆಸರ್‌ನನ್ನು ಗೊತ್ತುಮಾಡುವುದಿದ್ದರೆ ಗಾರೆ ಕೆಲಸ ಶುರುವಾಗುವ ಮುಂಚಿನ ವಾರ ಕರೆಸಲಿ. ಆತ ಟೇಪು ತರದೆ ಬರೀ ಲ್ಯಾಪ್‌ಟಾಪ್ ಹಿಡಿದು ಬಂದರೆ ಇನ್ನೊಬ್ಬರನ್ನು ಹುಡುಕಲಿ.

ಇತಿ,
ಕಟ್ಟಡಗಳ ಇಂಧನ ಲೆಕ್ಕದ ಕೆಲಸದಲ್ಲಿರುವವರು,
ಬೆಂಗಳೂರು