ರಟ್ಟಿನ ಮೇಲಿನ ಹುಡುಗ

ನಾಳೆ ರಾತ್ರಿಯೊಳಗೆ ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ಅಚ್ಚಿಗೆ ಹೋಗಬೇಕು. ಈಗ ಗಂಟೆ ಹನ್ನೊಂದೂವರೆ. ಗಣೇಶನ ಹಬ್ಬದ ಬಗ್ಗೆ ಬರೆಯೋಣ ಎಂದು ಕೂತೆ. ಆದರೆ ಮೇಜಿನ ಮೇಲಿರುವ ಹಳೆಯ ಚಾಕೊಲೇಟ್ ರಟ್ಟೊಂದು ಮನಸ್ಸನ್ನು ಬಿಡುತ್ತಿಲ್ಲ.

ನಮ್ಮ ಮಕ್ಕಳಿಗೆ ಇಷ್ಟು ವರ್ಷ ಕನ್ನಡ ಕಲಿಸಿದ ಅಕ್ಕ ಮುಂದಿನ ತಿಂಗಳು ಮೈಸೂರಿಗೆ ಹೊರಟಿದ್ದಾರೆ. ಭಾನುವಾರ ಸಾಮಾನು ಕಟ್ಟಲು ಹೋದಾಗ ಈ ರಟ್ಟು ಸಿಕ್ಕಿತು. ಮೂಲೆಗಳು ಸವೆದಿವೆ. ಹಿಂದೆ ಖಾಲಿ ಜಾಗದಲ್ಲಿ ಅವರ ದುಂಡು ಅಕ್ಷರದಲ್ಲಿ 'ಕ ಕಾ ಕಿ ಕೀ'. ಮುಂದೆ ಒಬ್ಬ ಹುಡುಗನ ಫೋಟೊ. ಪಕ್ಕದಲ್ಲಿದ್ದ ಆರು ವರ್ಷದ ಪುಟ್ಟಿ ಅದನ್ನು ನೋಡಿ ಕೇಳಿದಳು: "ಆಂಟಿ, ಇವನು ನಮ್ಮ ಕನ್ನಡ ಕ್ಲಾಸಿನವನಾ?"

ಅಲ್ಲ ಪುಟ್ಟಿ. ಅವನು ಜರ್ಮನ್ ಫುಟ್‌ಬಾಲ್ ಆಟಗಾರ ಜೆರೋಮ್ ಬೋಟೆಂಗ್.

ಇಲ್ಲಿ ಜರ್ಮನಿಯಲ್ಲಿ ಹಳಬರಾದವರಿಗೆ ನೆನಪಿರಬಹುದು. 2016ರಲ್ಲಿ ಫ್ರಾನ್ಸಿನಲ್ಲಿ ಯೂರೊ ಕಪ್ ಫುಟ್‌ಬಾಲ್ ನಡೆದಾಗ ಕಿಂಡರ್ ಚಾಕೊಲೇಟಿನ ಮೇಲೆ ಮಾಮೂಲಿ ಹುಡುಗನ ಬದಲು ಜರ್ಮನ್ ಆಟಗಾರರ ಚಿಕ್ಕಂದಿನ ಫೋಟೊಗಳು ಬಂದಿದ್ದವು. ಆ ಬೇಸಿಗೆಗೆ ಮಾತ್ರ. ಬೋಟೆಂಗ್ ಬರ್ಲಿನ್‌ನಲ್ಲಿ ಹುಟ್ಟಿದವರು, ತಂದೆ ಘಾನಾದವರು. ಇನ್ನೊಬ್ಬ ಆಟಗಾರ ಗುಂಡೊಗಾನ್ ಇಲ್ಲಿಯದೇ ಊರಾದ ಗೆಲ್ಸೆನ್‌ಕಿರ್ಶೆನ್‌ನವರು, ಮನೆಯವರು ಟರ್ಕಿಯಿಂದ ಬಂದವರು. ವಲಸಿಗರ ವಿರೋಧಿ ಪೆಗಿಡಾದ ಬೊಡೆನ್‌ಸೇ ಕಡೆಯ ಗುಂಪೊಂದು ಫೇಸ್‌ಬುಕ್ಕಿನಲ್ಲಿ ಸಿಡಿಮಿಡಿಗೊಂಡಿತು. ಇವರು ತಮ್ಮದೇ ದೇಶದ ತಂಡದವರು ಅನ್ನುವುದೂ ಅವರಿಗೆ ಗೊತ್ತಾಗಲಿಲ್ಲ. ಆಗ ಎಷ್ಟೋ ಜನ ತಮ್ಮ ತಮ್ಮ ಬಾಲ್ಯದ ಫೋಟೊ ಹಾಕಿ ಆ ಮಕ್ಕಳ ಪರ ನಿಂತರು. ಮುಂದೆ ಉಕ್ರೇನ್ ವಿರುದ್ಧ ಗೋಲಿನ ಗೆರೆಯ ಮೇಲೆ ಬೀಳುತ್ತಲೇ ಬೋಟೆಂಗ್ ಚೆಂಡನ್ನು ಒದ್ದು ಹೊರಹಾಕಿದ್ದನ್ನು ಮರೆಯೋಕೆ ಆಗುತ್ತಾ? ಗುಂಡೊಗಾನ್ ಗಾಯದಿಂದ ಆ ಸಲ ಆಡಲಿಲ್ಲ. 2024ರಲ್ಲಿ ಇಲ್ಲೇ ಯೂರೊ ನಡೆದಾಗ ತಂಡದ ನಾಯಕ ಅವರೇ.

ರಟ್ಟು ಕೈಗೆ ಬಂದಾಗಿನಿಂದ ನನಗೆ ಹಾಸನದ ಬಿಗ್ ಫನ್ ಬಬಲ್ ಗಮ್ಮಿನ ನೆನಪು. 1987, ರಿಲಯನ್ಸ್ ಕಪ್, ಅಂದರೆ ಆ ವರ್ಷದ ಕ್ರಿಕೆಟ್ ವಿಶ್ವಕಪ್. ಗಮ್ಮಿನ ಜೊತೆ ಒಂದು ಚೀಟಿ, ಅದರಲ್ಲಿ ಕ್ರಿಕೆಟಿಗನ ಚಿತ್ರ, ಇಷ್ಟು ರನ್ನು ಅಂತಲೋ ವಿಕೆಟ್ಟು ಅಂತಲೋ ಬರೆದಿರುತ್ತಿತ್ತು. ರನ್ನು ಕೂಡಿಸಿದರೆ ಅಂಗೈಯಷ್ಟು ಪುಸ್ತಕ. ಹಾಳೆಗಳನ್ನು ಸರಸರ ಬಿಟ್ಟರೆ ಆಟಗಾರ ಆಡುತ್ತಾನೆ! ಅಗಿಯುವುದು ಅಣ್ಣನ ಪಾಲು, ಚೀಟಿ ನನ್ನ ಪಾಲು. ಎಲ್ಲವೂ ಕಂಪಾಸ್ ಪೆಟ್ಟಿಗೆಯೊಳಗೆ. ತೆರೆದರೆ ಗಮ್ಮಿನ ಸಿಹಿ ವಾಸನೆ ಗಮ್ಮಂತ ಬರುತ್ತಿತ್ತು. ರೋಜರ್ ಬಿನ್ನಿ ಸಿಗಲಿ ಎಂದು ಕಣ್ಣು ಮುಚ್ಚಿ ಬಿಚ್ಚುತ್ತಿದ್ದೆವು, ನಮ್ಮ ಬೆಂಗಳೂರಿನವರಲ್ವಾ. ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ನ್ಯೂಜಿಲೆಂಡ್ ಮೇಲೆ 16 ರನ್ನಿನಿಂದ ಗೆದ್ದ ಸಂಜೆ ಅಪ್ಪ ತಾವಾಗಿಯೇ ಚಿಲ್ಲರೆ ಕೊಟ್ಟರು. ಅಣ್ಣನೂ ನಾನೂ ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಗೆ ಬರಿಗಾಲಲ್ಲೇ ಓಡಿದೆವು. ಆ ಸಂಜೆಯೂ ಬಿನ್ನಿ ಸಿಗಲಿಲ್ಲ. ಮಲಗುವ ಮುಂಚೆ ಅಣ್ಣ ಪೆನ್ಸಿಲ್ಲಿನಲ್ಲಿ ಒಂದು ಮುಖ ಬರೆದು, ಕೆಳಗೆ 'ಬಿನ್ನಿ, 6 ರನ್' ಎಂದು ಬರೆದು ನನ್ನ ಪೆಟ್ಟಿಗೆಗೆ ಹಾಕಿದ.

ಪುಟ್ಟಿಗೂ ಹಾಗೆ ಹುಡುಕಲು ಒಂದು ಮುಖ ಬೇಕು. ರಟ್ಟನ್ನು ಅವಳಿಗೇ ಕೊಡುತ್ತೇನೆ.

ಇನ್ನು ಸೂಚನೆಗಳು, ಜಾಗ ಕಡಿಮೆ. ಹಬ್ಬ ಕಳೆದ ಮೊದಲ ಶನಿವಾರ ಗಣೇಶೋತ್ಸವ, ಪೂಜೆ ಹತ್ತಕ್ಕೆ. ಕಡುಬು ಮಾಡಿ ತರುವವರು ಎಷ್ಟು ಎಂದು ಮೊದಲೇ ತಿಳಿಸಿ. ಅದೇ ದಿನ ಅಕ್ಕನಿಗೆ ಬೀಳ್ಕೊಡುಗೆ. ಸದಸ್ಯತ್ವದ ಹಣ ಬಾಕಿ ಇರುವವರು ದಯವಿಟ್ಟು ಕಟ್ಟಿಬಿಡಿ. ರಾಜ್ಯೋತ್ಸವಕ್ಕೆ ನಿಮ್ಮದೂ ನಿಮ್ಮ ಮಕ್ಕಳದೂ ಚಿಕ್ಕಂದಿನ ಒಂದೊಂದು ಫೋಟೊ ಕಳಿಸಿ, ಸಭಾಂಗಣದ ಗೋಡೆ ತುಂಬ ಹಾಕೋಣ.

ಕನ್ನಡ ತರಗತಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಹದಿನಾಲ್ಕು ಮಕ್ಕಳಿದ್ದಾರೆ. ಶನಿವಾರ ಎರಡು ಗಂಟೆ ಸಾಕು, ಪಾಠ ಮಾಡಿ ಅಭ್ಯಾಸ ಇಲ್ಲದಿದ್ದರೂ ಕಾಗುಣಿತ ಬಂದರೆ ಆಯಿತು. ಇಬ್ಬರು ಹಂಚಿಕೊಂಡರೂ ಸರಿ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ, ಎದ್ದಿರುತ್ತೇನೆ.