ಆ ಬಟ್ಟೆ ಹೊಲಿದವರು ಯಾರು?

ಚಿ. ಅನಿರುದ್ಧನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಾರ್ವೆಯ ಟ್ರೊಮ್ಸೊದಲ್ಲಿ ನಿನಗೆ ಎಂ.ಎಸ್ಸಿ. ಸೀಟು ಸಿಕ್ಕಿದ್ದನ್ನು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ತುಂಬಾ ಖುಷಿಯಾಯಿತು. ಅಟ್ಲಾಸ್ ತೆಗೆದು ನೋಡಿದೆ. ಆರ್ಕ್ಟಿಕ್ ವೃತ್ತಕ್ಕಿಂತಲೂ ಎಷ್ಟು ಮೇಲಿದೆಯೋ ಮಾರಾಯ! ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ.

ನಿನ್ನ ಮೆಸೇಜೂ ಬಂತು. ಹೊರಡುವ ಮುಂಚೆ ಧ್ರುವ ಪ್ರದೇಶದ ಸಾಹಸಿಗಳ ಪುಸ್ತಕ ಓದಿ ಮೋಟಿವೇಷನ್ ತಗೋಬೇಕು, ಲಿಸ್ಟ್ ಕೊಡಿ ಅಂದಿದ್ದೀಯ. ಲಿಸ್ಟ್ ಕೊಡುತ್ತೇನೆ. ಕಾಲೇಜು ಲೈಬ್ರರಿಯಲ್ಲೇ ಆಯಸ್ಸು ಕಳೆದವಳಿಗೆ ಅದೇನು ದೊಡ್ಡ ಕೆಲಸವಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಂಬಳಿ ಹೊದ್ದು ಈ ಪುಸ್ತಕಗಳನ್ನು ಓದಿದ ಸುಖ ಬೇರೆಯೇ. ಆದರೆ ಆ ಮೋಟಿವೇಷನ್ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ. ಅದಕ್ಕೇ ಈ ಪತ್ರ.

ನೀನು ಕೊಂಡಿರುವ ದಪ್ಪ ಪುಸ್ತಕ ಫ್ರಾಂಕ್ಲಿನ್ ಬಗ್ಗೆ ಅಂದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎರೆಬಸ್, ಟೆರರ್ ಎಂಬ ಎರಡು ಹಡಗುಗಳೊಂದಿಗೆ ಇಂಗ್ಲೆಂಡಿನಿಂದ ಹೊರಟ. ಕೆನಡಾದ ನೆತ್ತಿಯ ಮೇಲಿಂದ ಏಷ್ಯಾಕ್ಕೆ ಹೋಗುವ ಸಮುದ್ರದಾರಿ ಹುಡುಕಬೇಕಿತ್ತು. ಉಗಿ ಎಂಜಿನ್ ಇತ್ತು. ಮೂರು ವರ್ಷಕ್ಕಾಗುವಷ್ಟು ಆಹಾರ ಇತ್ತು. ಸಾವಿರಕ್ಕೂ ಹೆಚ್ಚು ಪುಸ್ತಕಗಳಿದ್ದವು. ಕಿಂಗ್ ವಿಲಿಯಂ ದ್ವೀಪದ ಹತ್ತಿರ ಮಂಜುಗಡ್ಡೆ ಹಡಗುಗಳನ್ನು ಹಿಡಿದುಕೊಂಡಿತು, ಮತ್ತೆ ಬಿಡಲಿಲ್ಲ. ಫ್ರಾಂಕ್ಲಿನ್ 1847ರಲ್ಲೇ ತೀರಿಕೊಂಡ. ಮರುವರ್ಷ ಏಪ್ರಿಲ್‌ನಲ್ಲಿ ಉಳಿದ 105 ಜನ ಹಡಗು ಬಿಟ್ಟು ಕಾಲ್ನಡಿಗೆಯಲ್ಲಿ ಹೊರಟರು. ಒಟ್ಟು 129 ಜನರಲ್ಲಿ ಒಬ್ಬನೂ ಮನೆ ಸೇರಲಿಲ್ಲ.

ಅವರನ್ನು ಹುಡುಕಿಕೊಂಡು ಹೋದ ಮೆಕ್ಲಿಂಟಾಕ್‌ನ ಪುಸ್ತಕದಲ್ಲಿ ಒಂದು ದೋಣಿಯ ವಿಷಯ ಬರುತ್ತದೆ. 1859ರಲ್ಲಿ ಅವನ ತಂಡಕ್ಕೆ ಸಿಕ್ಕಿದ್ದು. ಜಾರುಬಂಡಿಯ ಮೇಲೆ ಕೂರಿಸಿದ ದೋಣಿ, ಅದರೊಳಗೆ ಎರಡು ಅಸ್ಥಿಪಂಜರ. ದೋಣಿ, ಬಂಡಿ ಸೇರಿ ಆರುನೂರು ಕಿಲೋಗೂ ಜಾಸ್ತಿ ತೂಕ. ಹಸಿದವರು ಅದನ್ನು ಎಳೆದುಕೊಂಡು ಹೋಗಿದ್ದರು. ಒಳಗೆ ಏನೇನಿತ್ತು ಗೊತ್ತಾ? ರೇಷ್ಮೆ ಕರವಸ್ತ್ರ, ಸೋಪು, ಬಾಚಣಿಗೆ, ಚಪ್ಪಲಿ, ಬೆಳ್ಳಿಯ ಚಮಚ, ಕೆಲವು ಪುಸ್ತಕಗಳು. ಇದನ್ನು ಓದಿ ನಗಬೇಡ. ಅವರು ತಮ್ಮ ಊರನ್ನೇ ಹೊತ್ತುಕೊಂಡು ಹೋಗುತ್ತಿದ್ದರು, ಅಷ್ಟೇ.

ಈಗ ಅದೇ ದ್ವೀಪಕ್ಕೆ ಇನ್ನೊಬ್ಬ ಬರುತ್ತಾನೆ. ರೋಅಲ್ ಅಮುಂಡ್ಸೆನ್. ನಾರ್ವೆಯ ಈ ಹುಡುಗ ಹದಿನೈದನೇ ವಯಸ್ಸಿನಲ್ಲಿ ಫ್ರಾಂಕ್ಲಿನ್ನನ ಹಳೆಯ ಪ್ರಯಾಣಗಳ ಪುಸ್ತಕ ಓದಿ ಮರುಳಾಗಿದ್ದ. ಆ ಕಷ್ಟಗಳೇ ಅವನನ್ನು ಸೆಳೆದಿದ್ದವಂತೆ. ಚಳಿಗಾಲದಲ್ಲಿ ಕಿಟಕಿ ತೆರೆದಿಟ್ಟು ಮಲಗಿ ಮೈ ಹದ ಮಾಡಿಕೊಳ್ಳುತ್ತಿದ್ದ. ನಿನ್ನ ವಯಸ್ಸಿನ ಹುಚ್ಚು, ಅಲ್ವಾ? 1903ರಲ್ಲಿ 'ಯೋಆ' ಎಂಬ ಪುಟ್ಟ ಹಡಗಿನಲ್ಲಿ ಆರು ಜನರನ್ನು ಕಟ್ಟಿಕೊಂಡು ಹೊರಟ. ಕಿಂಗ್ ವಿಲಿಯಂ ದ್ವೀಪದಲ್ಲಿ ಎರಡು ಚಳಿಗಾಲ ಉಳಿದ. ಅಲ್ಲಿನ ನೆಟ್ಸಿಲಿಕ್ ಇನ್ಯೂಟ್ ಜನರಿಂದ ನಾಯಿಬಂಡಿ ಓಡಿಸುವುದು, ಹಿಮದ ಮನೆ ಕಟ್ಟುವುದು ಕಲಿತ. ಉಣ್ಣೆ ಬಟ್ಟೆ ಬದಿಗಿಟ್ಟು ಕ್ಯಾರಿಬೂ ಎಂಬ ಹಿಮಸಾರಂಗದ ಚರ್ಮದ ಬಟ್ಟೆ ತೊಟ್ಟ. ಫ್ರಾಂಕ್ಲಿನ್ನನಿಗೆ ಸಿಗದ ಆ ಸಮುದ್ರದಾರಿಯನ್ನು ಇವನು ದಾಟಿದ. ಅಲ್ಲಿ ಕಲಿತ ವಿದ್ಯೆಯೇ 1911ರಲ್ಲಿ ದಕ್ಷಿಣ ಧ್ರುವ ಮುಟ್ಟಲೂ ನೆರವಾಯಿತು.

ಇದನ್ನು ಓದಿ ಫ್ರಾಂಕ್ಲಿನ್ ದಡ್ಡ, ಅಮುಂಡ್ಸೆನ್ ಜಾಣ ಅಂತ ತೀರ್ಪು ಕೊಟ್ಟು ಮುಗಿಸಬೇಡ. ಏಳು ಜನರ ಹೊಟ್ಟೆ ತುಂಬಿಸಬಹುದಾದ ಬೇಟೆ ನೂರೈದು ಜನರಿಗೆ ಎಲ್ಲಿಂದ ಸಾಕಾಗಬೇಕು? ಆದರೆ ಒಂದನ್ನು ಗಮನಿಸು. ಇಂಗ್ಲೆಂಡಿನ ಪತ್ರಿಕೆಗಳು ಯಾವ ಜಾಗವನ್ನು ಬರೀ ಸಾವಿನ ನೆಲ ಅಂತ ಬರೆದವೋ, ಅಲ್ಲಿ ಹೆಂಗಸರು ಮಕ್ಕಳನ್ನು ಹೆತ್ತು, ಸಾಕಿ, ಹಾಡು ಹೇಳಿ ಮಲಗಿಸುತ್ತಿದ್ದರು. ಧ್ರುವದ ಪುಸ್ತಕಗಳಲ್ಲಿ ಈ ಹೆಂಗಸರು ಸಿಗುವುದು ಅಪರೂಪ. ಸಿಕ್ಕರೂ ಹೆಸರಿರುವುದಿಲ್ಲ.

ಕೇಳಿಸಿಕೊಳ್ಳದೇ ಇದ್ದದ್ದರ ಕಥೆಯೂ ಇಲ್ಲೇ ಇದೆ. 1854ರಲ್ಲಿ ಜಾನ್ ರೇ ಎಂಬ ವೈದ್ಯ ಇನ್ಯೂಟರ ಬಾಯಿಂದ ನಿಜ ತಿಳಿದುಕೊಂಡು ಬಂದ. ಬಿಳಿಯರು ಹಸಿವಿನಿಂದ ಸತ್ತರು, ಕೊನೆಕೊನೆಗೆ ಸತ್ತವರ ಮಾಂಸ ತಿಂದರು ಎಂದು ಅವರು ಹೇಳಿದ್ದರು. ಲಂಡನ್ ಸಿಡಿದೆದ್ದಿತು. ಚಾರ್ಲ್ಸ್ ಡಿಕನ್ಸ್‌ನಂಥ ಲೇಖಕ ತನ್ನ ವಾರಪತ್ರಿಕೆಯಲ್ಲೇ ಆ ಜನರ ಮಾತು ನಂಬಲಾಗದು ಎಂದು ಬರೆದ. ಬಡವರ ಮಕ್ಕಳ ಪರ ಅಷ್ಟೊಂದು ಬರೆದವನು! ನನಗೆ ಇವತ್ತಿಗೂ ಬೇಜಾರು. 1990ರ ದಶಕದಲ್ಲಿ ಫ್ರಾಂಕ್ಲಿನ್ನನ ಜನರ ಮೂಳೆಗಳನ್ನು ಪರೀಕ್ಷೆ ಮಾಡಿದಾಗ ಚಾಕುವಿನ ಗುರುತುಗಳು ಸಿಕ್ಕವು. 2024ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಅಂಥದೇ ಗುರುತಿದ್ದ ಒಂದು ದವಡೆ ಎರೆಬಸ್ ಹಡಗಿನ ಕ್ಯಾಪ್ಟನ್ ಫಿಟ್ಸ್‌ಜೇಮ್ಸ್‌ನದು ಎಂದು ಗೊತ್ತಾಯಿತು. ಮುಳುಗಿದ ಎರೆಬಸ್ 2014ರಲ್ಲಿ ಸಿಕ್ಕಿದ್ದು ಇನ್ಯೂಟರ ಹಳೆಯ ಮಾತುಗಳು ಬೆರಳು ಮಾಡಿದ ಕಡೆಯಲ್ಲೇ. 2016ರಲ್ಲಿ ಟೆರರ್ ಸಿಕ್ಕಿದ್ದೂ ಒಬ್ಬ ಇನ್ಯೂಟ್ ಬೇಟೆಗಾರ ಕೊಟ್ಟ ಸುಳಿವಿನಿಂದ.

ಅಂದ ಹಾಗೆ, ಹಳೆಯ ಪುಸ್ತಕಗಳಲ್ಲೆಲ್ಲ ಎಸ್ಕಿಮೊ ಅಂತಲೇ ಇರುತ್ತದೆ. ನೀನು ಅಲ್ಲಿಗೆ ಹೋಗಿ ಹಾಗೆ ಅನ್ನಬೇಡ. ಆ ಜನರಿಗೆ ಅದು ಇಷ್ಟವಿಲ್ಲ.

ನಾರ್ವೆಯ ಇನ್ನೊಬ್ಬ ಸಾಹಸಿ ನಾನ್ಸೆನ್‌ನ 'ಫಾರ್ದೆಸ್ಟ್ ನಾರ್ತ್' ಓದಲೇಬೇಕು. ದಪ್ಪ ಇದೆ, ನಡುನಡುವೆ ಆಕಳಿಕೆ ಬರುತ್ತದೆ, ಪರವಾಗಿಲ್ಲ. ಜೀನೆಟ್ ಎಂಬ ಹಡಗು 1881ರಲ್ಲಿ ಸೈಬೀರಿಯಾದ ಉತ್ತರಕ್ಕೆ ಮುಳುಗಿತ್ತು. ಮೂರು ವರ್ಷದ ನಂತರ ಅದರ ಸಾಮಾನುಗಳು ಗ್ರೀನ್‌ಲ್ಯಾಂಡಿನ ದಡದಲ್ಲಿ ಸಿಕ್ಕವು. ಅಂದರೆ ಮಂಜುಗಡ್ಡೆ ನಿಂತಲ್ಲಿ ನಿಂತಿಲ್ಲ, ಸಾಗುತ್ತಿದೆ. ಹಾಗಾದರೆ ಬೇಕೆಂದೇ ಹಡಗನ್ನು ಮಂಜುಗಡ್ಡೆಯಲ್ಲಿ ಸಿಕ್ಕಿಸಿದರೆ ಅದೂ ಸಾಗುತ್ತದಲ್ಲ ಅಂತ ನಾನ್ಸೆನ್ ಲೆಕ್ಕ ಹಾಕಿದ. ದೊಡ್ಡವರೆಲ್ಲ ಹುಚ್ಚು ಅಂದರು. ಅದಕ್ಕಾಗಿಯೇ 'ಫ್ರಾಮ್' ಹಡಗಿಗೆ ದುಂಡನೆಯ ಹೊಟ್ಟೆ ಮಾಡಿಸಿದ. ಹಸಿ ಹಲಸಿನ ಬೀಜವನ್ನು ಬೆರಳ ಸಂದಿಯಲ್ಲಿ ಒತ್ತಿದರೆ ಮೇಲಕ್ಕೆ ಜಾರುತ್ತದಲ್ಲ, ಹಾಗೆ ಮಂಜುಗಡ್ಡೆ ಒತ್ತಿದಷ್ಟೂ ಹಡಗು ಮೇಲೇರಬೇಕು. ಏರಿತು ಕೂಡ. 1893ರಲ್ಲಿ ಹೋದ ಹದಿಮೂರು ಜನರೂ 1896ರಲ್ಲಿ ಜೀವಂತ ಮರಳಿದರು.

ಆದರೆ ನನಗೆ ಪ್ರೀತಿ ಆ ಪುಸ್ತಕದ ಎರಡನೇ ಭಾಗದ ಮೇಲೆ. ನಾನ್ಸೆನ್ ಮತ್ತು ಅವನ ಸಂಗಡಿಗ ಯೊಹಾನ್ಸೆನ್ ಇಬ್ಬರೇ ಹಡಗು ಬಿಟ್ಟು ಧ್ರುವದ ಕಡೆ ನಡೆದರು. 86 ಡಿಗ್ರಿ 14 ಮಿನಿಟ್‌ವರೆಗೆ ಹೋಗಿ, ಇನ್ನು ಆಗುವುದಿಲ್ಲ ಎಂದು ತಿರುಗಿದರು. ದಾರಿಯಲ್ಲಿ ಒಂದು ದಿನ ಇಬ್ಬರೂ ಗಡಿಯಾರಕ್ಕೆ ಕೀ ಕೊಡಲು ಮರೆತರು. ಎರಡೂ ನಿಂತವು. ಸರಿಯಾದ ಗಂಟೆ ಗೊತ್ತಿಲ್ಲದಿದ್ದರೆ ರೇಖಾಂಶ ಸಿಗದು. ಅಲ್ಲಿಂದ ಮುಂದೆ ತಾವು ಎಲ್ಲಿದ್ದೇವೆ ಅನ್ನುವುದೇ ಅಂದಾಜು. ಕೊನೆಗೆ ಫ್ರಾನ್ಸ್ ಜೋಸೆಫ್ ಲ್ಯಾಂಡಿನಲ್ಲಿ ಕಲ್ಲು ಜೋಡಿಸಿ, ವಾಲ್ರಸ್ ಚರ್ಮ ಹೊದಿಸಿ ಗುಡಿಸಲು ಮಾಡಿಕೊಂಡು, ಕರಡಿ ಮಾಂಸ ತಿಂದು ಚಳಿಗಾಲ ಕಳೆದರು. ಇಬ್ಬರೂ ದಪ್ಪ ಆದರು! ತಾಜಾ ಆಹಾರವಿಲ್ಲದೆ ಬರುವ ಸ್ಕರ್ವಿ ರೋಗ ಹತ್ತಿರ ಸುಳಿಯಲಿಲ್ಲ, ತಾಜಾ ಮಾಂಸವೇ ಕಾಪಾಡಿತು. ಇನ್ನೊಂದು ತಮಾಷೆ: ಒಂದೇ ಹಾಸಿಗೆಚೀಲದಲ್ಲಿ ಮಲಗುತ್ತಿದ್ದರೂ ಹೊಸವರ್ಷದ ಹಿಂದಿನ ರಾತ್ರಿಯವರೆಗೆ ಒಬ್ಬರನ್ನೊಬ್ಬರು 'ನೀವು' ಅಂತಲೇ ಕರೆಯುತ್ತಿದ್ದರಂತೆ.

ಇವರು ಬದುಕಿದ್ದು ಧೈರ್ಯದಿಂದ ಮಾತ್ರ ಅಂದುಕೊಳ್ಳಬೇಡ. ನಾನ್ಸೆನ್ 1888ರಲ್ಲಿ ಗ್ರೀನ್‌ಲ್ಯಾಂಡ್ ದಾಟಿದ ಮೇಲೆ ಒಂದು ಚಳಿಗಾಲ ಅಲ್ಲೇ ಉಳಿದು, ಊರ ಜನರಿಂದ ಕಯಾಕ್ ಎಂಬ ಪುಟ್ಟ ಚರ್ಮದ ದೋಣಿ ನಡೆಸುವುದನ್ನು ಕಲಿತಿದ್ದ. ಆ ಪ್ರಯಾಣದಲ್ಲಿ ಬಾಲ್ಟೊ, ರಾವ್ನಾ ಎಂಬ ಇಬ್ಬರು ಸಾಮಿ ಮೂಲನಿವಾಸಿಗಳೂ ಅವನ ಜೊತೆಗಿದ್ದರು. ನೀನು ಹೋಗುತ್ತಿರುವುದು ಆ ಸಾಮಿ ಜನರ ಸೀಮೆಗೇ.

ಅಮೆರಿಕದ ಅನ್ವೇಷಕ ಪಿಯರಿಯದನ್ನು ಬೇಗ ಮುಗಿಸುತ್ತೇನೆ, ಆ ಮನುಷ್ಯ ನನಗೆ ಅಷ್ಟಕ್ಕಷ್ಟೆ. 1909ರಲ್ಲಿ ಉತ್ತರ ಧ್ರುವ ಮುಟ್ಟಿದೆ ಅಂದ. ನಿಜವಾಗಿ ಮುಟ್ಟಿದನೇ ಎಂಬ ಜಗಳ ಇನ್ನೂ ನಿಂತಿಲ್ಲ. ಅವನ ಜೊತೆ ಕೊನೆಯವರೆಗೆ ಹೋದವರು ಮ್ಯಾಥ್ಯೂ ಹೆನ್ಸನ್ ಎಂಬ ಕರಿಯ ಅಮೆರಿಕನ್ ಮತ್ತು ನಾಲ್ವರು ಇನ್ಯೂಟರು: ಊಟಾ, ಎಗಿಂಗ್ವಾ, ಸೀಗ್ಲೂ, ಊಕಿಯಾ. ಬಂಡಿ ಕಟ್ಟುವವನು, ನಾಯಿ ಓಡಿಸುವವನು, ಇನ್ಯೂಟರ ಭಾಷೆ ಮಾತಾಡುವವನು ಹೆನ್ಸನ್. ಅವನೂ 1912ರಲ್ಲಿ ಒಂದು ಪುಸ್ತಕ ಬರೆದ. ಪಿಯರಿಯದನ್ನು ಓದುವುದಾದರೆ ಪಕ್ಕದಲ್ಲಿ ಹೆನ್ಸನ್‌ನದನ್ನೂ ಇಟ್ಟುಕೊಂಡು ಓದು. ಒಂದೇ ಪ್ರಯಾಣದ ಎರಡು ಪುಸ್ತಕ ಓದದೆ ಯಾರನ್ನೂ ಹೀರೋ ಮಾಡಬೇಡ.

ಮತ್ತೆ ಓದುವಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತಿರು: ಆ ಬಟ್ಟೆ ಹೊಲಿದವರು ಯಾರು? ನಾನು ಹೆಂಗಸಾದ್ದರಿಂದ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ ಅಂತ ಇಟ್ಟುಕೋ. ಪಿಯರಿಯ ಹಡಗಿನಲ್ಲಿ ಚಳಿಗಾಲವಿಡೀ ಇನ್ಯೂಟ್ ಹೆಂಗಸರು ತುಪ್ಪಳದ ಬಟ್ಟೆ ಹೊಲಿದರು. ದಾರದ ಬದಲು ಪ್ರಾಣಿಯ ಸ್ನಾಯುವಿನ ನಾರು. ಒದ್ದೆಯಾದರೆ ಅದು ಉಬ್ಬಿ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ, ನೀರು ಒಳಗೆ ಬರುವುದಿಲ್ಲ. ಬೂಟಿನ ಚರ್ಮ ಮೆತ್ತಗಾಗಲಿ ಅಂತ ಹಲ್ಲಿನಲ್ಲಿ ಅಗಿಯುತ್ತಿದ್ದರು. ಒಂದು ಹೊಲಿಗೆ ಬಿಟ್ಟರೆ ಗಂಡಸಿನ ಕಾಲ್ಬೆರಳು ಹೋಗುತ್ತಿತ್ತು.

ಹಾಗಂತ ಉತ್ತರದವರಿಗೆಲ್ಲ ಹುಟ್ಟಿನಿಂದಲೇ ಎಲ್ಲ ಗೊತ್ತಿರುತ್ತದೆ ಅಂದುಕೊಳ್ಳುವುದೂ ತಪ್ಪು. ಏಡಾ ಬ್ಲ್ಯಾಕ್‌ಜಾಕ್ ಕಥೆ ಓದು. ಸ್ಟೆಫಾನ್ಸನ್ ಎಂಬ ಅನ್ವೇಷಕ 'ದ ಫ್ರೆಂಡ್ಲಿ ಆರ್ಕ್ಟಿಕ್' ಅಂತ 1921ರಲ್ಲಿ ಪುಸ್ತಕ ಬರೆದ. ಉತ್ತರ ಎಷ್ಟು ಸ್ನೇಹದ್ದು, ಬಂದೂಕು ಇದ್ದರೆ ಸಾಕು ಎನ್ನುವ ಧಾಟಿ. ಅದೇ ವರ್ಷ ನಾಲ್ವರು ಯುವಕರನ್ನು ಸೈಬೀರಿಯಾದ ಉತ್ತರಕ್ಕಿರುವ ರಾಂಗೆಲ್ ದ್ವೀಪಕ್ಕೆ ಕಳಿಸಿದ. ತಾನು ಹೋಗಲಿಲ್ಲ. ಹೊಲಿಗೆ ಕೆಲಸಕ್ಕೆ ಅಂತ ಅಲಾಸ್ಕಾದ ಇನ್ಯೂಪಿಯಾಕ್ ಹೆಂಗಸು ಏಡಾ ಹೊರಟಳು. ಅವಳ ಮಗನಿಗೆ ಕ್ಷಯ, ಔಷಧಿಗೆ ದುಡ್ಡು ಬೇಕಿತ್ತು. ಪೇಟೆಯಲ್ಲಿ, ಮಿಷನರಿಗಳ ನಡುವೆ ಬೆಳೆದವಳು. ಬೇಟೆ ಗೊತ್ತಿಲ್ಲ, ಕರಡಿ ಅಂದರೆ ಪ್ರಾಣಭಯ. ಮರುವರ್ಷ ಬರಬೇಕಿದ್ದ ಹಡಗು ಮಂಜುಗಡ್ಡೆಯಿಂದಾಗಿ ಬರಲಿಲ್ಲ. ಮೂವರು ಸಹಾಯ ತರಲು ಹೋಗಿ ಕಾಣೆಯಾದರು. ನಾಲ್ಕನೆಯವನಿಗೆ ಸ್ಕರ್ವಿ, ಅವನ ಆರೈಕೆ ಮಾಡಿದಳು, ಅವನೂ ಸತ್ತ. ಉಳಿದದ್ದು ಅವಳು ಮತ್ತು ಒಂದು ಬೆಕ್ಕು. ಬೋನು ಇಡುವುದು, ಗುಂಡು ಹೊಡೆಯುವುದು ತಾನೇ ಕಲಿತಳು. ಚರ್ಮದ ದೋಣಿ ಮಾಡಿಕೊಂಡಳು. 1923ರ ಆಗಸ್ಟ್‌ನಲ್ಲಿ ಹಡಗು ಬಂದಾಗ ಜೀವಂತ ಇದ್ದವಳು ಅವಳೊಬ್ಬಳೇ.

ಕತ್ತಲ ತಿಂಗಳುಗಳಿಗೆ ಕ್ರಿಸ್ಟಿಯಾನೆ ರಿಟರ್ ಬರೆದ 'ಎ ವುಮನ್ ಇನ್ ದ ಪೋಲಾರ್ ನೈಟ್' ಇಟ್ಟುಕೋ. ಆಸ್ಟ್ರಿಯಾದ ಗೃಹಿಣಿ. 1934ರಲ್ಲಿ ಗಂಡನ ಜೊತೆಗಿರಲು ನಾರ್ವೆಯ ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳಿಗೆ ಹೋದಳು. ಬೆಚ್ಚಗೆ ಒಲೆ ಮುಂದೆ ಕೂತು ಹೆಣೆಯುತ್ತಾ ದಪ್ಪ ಪುಸ್ತಕ ಓದಬಹುದು ಎಂಬ ಆಸೆ. ಸಿಕ್ಕಿದ್ದು ಹೊಗೆ ಕಾರುವ ಒಲೆ, ಡಬ್ಬಿಯಂಥ ಗುಡಿಸಲು. ಒಂಟಿಯಾಗಿ ಬಿರುಗಾಳಿ ಎದುರಿಸುವಾಗ ಅವಳ ಮನಸ್ಸು ಎತ್ತೆತ್ತ ಹೋಯಿತು ಎಂಬುದನ್ನು ಮುಚ್ಚಿಡದೆ ಬರೆದಿದ್ದಾಳೆ. ಸೂರ್ಯನಿಲ್ಲದ ದಿನಗಳಲ್ಲಿ ನಿನಗೂ ಸುಮ್ನೆ ಅಳು ಬಂದೀತು. ಆಗ ಹೀರೋಗಳ ಪುಸ್ತಕ ತೆಗೆಯಬೇಡ, ಇದನ್ನು ತೆಗೆ. ಸಾಲದಿದ್ದರೆ ಯಾವ ಹೊತ್ತಾದರೂ ಸರಿ, ನನಗೆ ಫೋನ್ ಮಾಡು.

ಆದರೆ ಎಲ್ಲಕ್ಕಿಂತ ಮೊದಲು ಓದಬೇಕಾದ್ದು ಟೆಟೆ-ಮಿಷೆಲ್ ಕ್ಪೊಮಾಸಿಯ 'ಆನ್ ಆಫ್ರಿಕನ್ ಇನ್ ಗ್ರೀನ್‌ಲ್ಯಾಂಡ್'. ಪಶ್ಚಿಮ ಆಫ್ರಿಕಾದ ಟೋಗೊ ದೇಶದ ಹುಡುಗ. ತೆಂಗಿನಮರ ಹತ್ತಿದ್ದಾಗ ಹಾವು ಎದುರಾಗಿ ಕೆಳಗೆ ಬಿದ್ದ. ಹಾವಿನ ಪೂಜೆ ಮಾಡುವವರು ಗುಣಪಡಿಸಿದರು. ಅದಕ್ಕೆ ಬದಲಾಗಿ ಅವನು ಅಲ್ಲೇ ಪೂಜಾರಿಯಾಗಬೇಕು ಅಂತಾಯಿತು. ಆಗಲೇ ಊರಿನ ಪುಸ್ತಕದಂಗಡಿಯಲ್ಲಿ ಗ್ರೀನ್‌ಲ್ಯಾಂಡ್ ಬಗ್ಗೆ ಒಂದು ಪುಸ್ತಕ ಕಣ್ಣಿಗೆ ಬಿತ್ತು. ಮರವಿಲ್ಲ, ಹಾವಿಲ್ಲ! ಮನೆ ಬಿಟ್ಟು ಓಡಿದ. ಸಿಕ್ಕ ಸಿಕ್ಕ ಕೆಲಸ ಮಾಡುತ್ತಾ ಗ್ರೀನ್‌ಲ್ಯಾಂಡ್ ಮುಟ್ಟಲು ಎಂಟು ವರ್ಷ ಹಿಡಿಯಿತು. 1965ರಲ್ಲಿ ಮುಟ್ಟಿದ. ಬಾವುಟ ನೆಡಲಿಲ್ಲ. ಜನರ ಮನೆಗಳಲ್ಲಿ ಉಳಿದ, ಅವರು ಕೊಟ್ಟದ್ದನ್ನು ತಿಂದ, ನಾಯಿಬಂಡಿ ಓಡಿಸಲು ಕಲಿತ. ಅಲ್ಲಿನ ಕುಡಿತ, ಬೇಸರ, ಜಗಳಗಳನ್ನೂ ಅಡಗಿಸದೆ ಬರೆದ. ತೆಂಗಿನ ನಾಡಿನಿಂದ ಹೊರಟವನು ಹಿಮದ ನಾಡನ್ನು ಹೇಗೆ ನೋಡುತ್ತಾನೆ ಅನ್ನುವುದು ನಾನ್ಸೆನ್‌ನಲ್ಲಿ ನಿನಗೆ ಸಿಗುವುದಿಲ್ಲ.

ಓಸ್ಲೋದಲ್ಲಿ ಇಳಿದರೆ ಫ್ರಾಮ್ ಮ್ಯೂಸಿಯಂಗೆ ಹೋಗು. ಫ್ರಾಮ್, ಯೋಆ ಎರಡೂ ಅಲ್ಲಿವೆ. ಒಳಗೆ ಹತ್ತಿ ನೋಡಿ ಫೋಟೊ ಕಳಿಸು, ಆ ದುಂಡು ಹೊಟ್ಟೆಯದು ಮುಖ್ಯವಾಗಿ.

ಇನ್ನು ಜಾಕೆಟ್ ವಿಷಯ. ಬೆಂಗಳೂರಿನ ಮಾಲ್‌ನಲ್ಲಿ ದುಬಾರಿಯದು ಕೊಡಿಸುತ್ತೇನೆ ಅಂತ ನಿಮ್ಮಮ್ಮ ಕೂತಿದ್ದಾಳೆ. ಬೇಡ. ದಾರಿಗೆ ಸಾಕಾಗುವಷ್ಟು ಮಾತ್ರ ಇಲ್ಲಿ ತಗೋ. ಉಳಿದದ್ದನ್ನು ಟ್ರೊಮ್ಸೊದಲ್ಲಿ, ಅಲ್ಲಿ ಚಳಿ ಕಂಡವರನ್ನು ಕೇಳಿ ತಗೋ. ಅವಳಿಗೆ ನಾನು ಹೇಳುತ್ತೇನೆ, ನೀನು ಜಗಳ ಆಡಬೇಡ. ಕ್ಪೊಮಾಸಿಯ ಪುಸ್ತಕ ನನ್ನ ಹತ್ತಿರ ಇದೆ. ತುಂಬಾ ಕಡೆ ಪೆನ್ಸಿಲ್ ಗೆರೆ ಎಳೆದಿದ್ದೇನೆ, ಬೈಯಬೇಡ. ವೀಸಾ ಕೆಲಸ ಮುಗಿದ ಮೇಲೆ ಒಂದು ದಿನ ಬಂದು ತಗೊಂಡು ಹೋಗು. ಬರುವ ಮುಂಚೆ ಫೋನ್ ಮಾಡು, ಇಲ್ಲಿ ಮಳೆಗೆ ರಸ್ತೆ ಎಲ್ಲಿ ಕೊಚ್ಚಿಹೋಗಿದೆ ಅಂತ ಹೇಳುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ