ಎದುರು ಬಾಗಿಲಿನ ಹೆಸರು

ಚಿರಂಜೀವಿ ಪುಟ್ಟಿಗೆ, ಮೂಡಿಗೆರೆಯಿಂದ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಅರೇಬಿಕಾ ಕೊಯ್ಲು ಶುರುವಾಗಿದೆ. ಆಳು ಸಿಗುವುದಿಲ್ಲ, ಕಣದಲ್ಲಿ ಹಣ್ಣು ಹರವಿದ ದಿನವೇ ಮೋಡ ಕವಿಯುತ್ತದೆ. ಇದೆಲ್ಲ ನಿನಗೆ ಗೊತ್ತೇ ಇರುತ್ತದೆ, ಹಾಸನದಿಂದ ನಿನ್ನಮ್ಮ ದಿನವೂ ಫೋನಿನಲ್ಲಿ ವರದಿ ಒಪ್ಪಿಸುತ್ತಾಳಲ್ಲ. ನಾನು ಈ ಕಾಗದ ಬರೆಯಲು ಕೂತಿರುವುದೂ ಆ ಫೋನಿನ ವಿಷಯಕ್ಕೇ.

ಅಕ್ಟೋಬರಿನ ಕೊನೆಯ ಭಾನುವಾರ ನಿಮ್ಮ ಜರ್ಮನಿಯಲ್ಲಿ ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ನಮಗೂ ನಿಮಗೂ ನಾಲ್ಕೂವರೆ ಗಂಟೆಯ ಅಂತರ. ನೀನು ಕೆಲಸ ಮುಗಿಸಿ ಬಂದು ಏಳೂವರೆಗೆ ಮೊಬೈಲ್ ಹಿಡಿದು ಕೂರುತ್ತೀಯ, ಇಲ್ಲಿ ಆಗ ನಡುರಾತ್ರಿ. ಸಕ್ಕರೆ ಕಾಯಿಲೆಯ ನಿನ್ನಮ್ಮ ಕಣ್ಣುಜ್ಜಿಕೊಂಡು ಕಾಯುತ್ತಾಳೆ. ಅವಳ ನಿದ್ದೆಯ ಮಾತು ಆಮೇಲೆ. ನನಗೆ ಚಿಂತೆ ನಿನ್ನದು. ಮೈ ಸ್ಟಟ್‌ಗಾರ್ಟಿನಲ್ಲಿ, ಜೀವ ಹಾಸನದ ಅಡುಗೆಮನೆಯಲ್ಲಿ. ನಿಮ್ಮ ಬೀದಿಯಲ್ಲಿ ಯಾರ ಮನೆಯ ಹಸು ಕರು ಹಾಕಿತು ಎನ್ನುವುದು ನನಗಿಂತ ಮೊದಲು ನಿನಗೆ ತಿಳಿಯುತ್ತದೆ. ನಿನ್ನ ಎದುರು ಮನೆಯ ಅಜ್ಜಿಯ ಹೆಸರೇನೆಂದು ಕೇಳಿದರೆ ಮಾತ್ರ, “ಗೊತ್ತಿಲ್ಲ ದೊಡ್ಡಮ್ಮ, ಅದೊಂದು ಜಗಳಗಂಟಿ” ಎಂದೆ.

ನಾನು 1974ರ ಜೂನಿನಲ್ಲಿ ಅರಸೀಕೆರೆ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದೆ. ನಡುವೆ ಇರುವುದು ಬೇಲೂರು ಒಂದೇ, ಅದನ್ನು ದೂರ ಎಂದರೆ ನೀನು ನಗುತ್ತೀಯ. ಆದರೆ ತೆಂಗಿನ ತೋಟದ ಬಿಸಿಲಲ್ಲಿ ಬೆಳೆದವಳಿಗೆ ಇಲ್ಲಿನ ಮಳೆ ಪರದೇಶವೇ ಆಗಿತ್ತು. ಮುದ್ದೆಯಿಲ್ಲ, ಮೂರು ಹೊತ್ತೂ ಅಕ್ಕಿ. ಸೀರೆಗಳನ್ನು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು, ಉಟ್ಟರೆ ಹೊಗೆಯ ವಾಸನೆ. ನಾವು ಜಿಗಣೆ ಎನ್ನುವುದನ್ನು ಇವರು ಇಂಬಳ ಎನ್ನುತ್ತಿದ್ದರು. ಮೊದಲ ದಿನ ತೋಟಕ್ಕೆ ಹೋಗಿ ಬಂದಾಗ ಪಾದದ ಸುತ್ತ ರಕ್ತ ಕಂಡು ನಾನು ಕಿರುಚಿದ್ದನ್ನು ನೆನೆದು ನಿನ್ನ ದೊಡ್ಡಪ್ಪ ಇಂದಿಗೂ ನಗುತ್ತಾರೆ.

ದಿನಕ್ಕೊಂದು ಕಾಗದ ತವರಿಗೆ ಬರೆಯುತ್ತಿದ್ದೆ. ಕೆರೆಗೆ ನೀರು ಬಂತೇ, ಗೌರಿ ಹಸು ಹಾಲು ಕೊಡುತ್ತಿದೆಯೇ, ಹುಣಸೆಮರದ ಕೊಂಬೆ ಕಡಿದರೇ, ಹೀಗೆ ಬರೀ ಪ್ರಶ್ನೆ. ತಿಂಗಳಾದ ಮೇಲೆ ನಿನ್ನಜ್ಜಿಯಿಂದ ಒಂದು ಕಾರ್ಡು ಬಂತು. ಓದಲು ಬರುವಷ್ಟೇ ಅಕ್ಷರ ಅವಳದು, ಯಾರ ಕೈಯಲ್ಲೋ ಬರೆಸಿದ್ದಳು. “ಇಲ್ಲಿಯ ಸುದ್ದಿ ನನಗೆ ಗೊತ್ತಿದೆ, ಅಲ್ಲಿಯದು ಬರೆ.” ಅಷ್ಟೇ. ಸಿಟ್ಟು ಬಂತು, ಎರಡು ದಿನ ಅತ್ತೆ. ಮೂರನೆಯ ದಿನ ಬರೆಯಲು ಏನೂ ಇಲ್ಲವಲ್ಲ ಎಂದು ಕೆಳಮನೆಯ ಹೆಂಗಸಿನ ಜೊತೆ ತೋಟಕ್ಕೆ ಹೋದೆ. ಅವಳು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿ ಇಂಬಳಕ್ಕೆ ಮುಟ್ಟಿಸುವುದನ್ನು ತೋರಿಸಿದಳು. ಮುಟ್ಟಿಸಿದೊಡನೆ ಅದು ಸುರುಟಿಕೊಂಡು ಬೀಳುವುದನ್ನು ನಾನು ಕಾಗದದಲ್ಲಿ ಪುಟಗಟ್ಟಲೆ ಬರೆದೆ.

ಈಗ ನಿನ್ನ ಎದುರು ಮನೆಯ ಅಜ್ಜಿಯ ವಿಷಯ. ನಿನ್ನಣ್ಣ ಅದೇ ಊರಿನಲ್ಲಿ ಕೆಲಸದಲ್ಲಿದ್ದಾಗ ನಾನೂ ಮೂರು ತಿಂಗಳು ಇದ್ದು ಬಂದವಳು, ಆ ಮೆಟ್ಟಿಲುಗಳನ್ನು ಒರೆಸಿದವಳು. ಬಾಗಿಲ ಹಿಡಿಗೆ ಒಂದು ಫಲಕ ತೂಗುಹಾಕಿದ್ದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮದು, ವಾರ ಮುಗಿದ ಮೇಲೆ ಫಲಕವನ್ನು ಮುಂದಿನ ಮನೆಯ ಬಾಗಿಲಿಗೆ ದಾಟಿಸಬೇಕು. ‘ಕೇರ್‌ವೋಖೆ’ ಎನ್ನುತ್ತಾರೆ, ಆ ಸೀಮೆಯ ಹಳೆಯ ರೂಢಿ. ಆ ಫಲಕ ಹತ್ತು ದಿನ ನಿನ್ನ ಬಾಗಿಲಲ್ಲೇ ತೂಗಾಡುತ್ತಿದ್ದರೆ ಅಜ್ಜಿ ಗದರದೆ ಇನ್ನೇನು ಮಾಡಿಯಾಳು? ಅಂಗಳ ಗುಡಿಸದ ಮನೆಯವರನ್ನು ನಮ್ಮ ಬೀದಿಯವರು ಸುಮ್ಮನೆ ಬಿಡುತ್ತಾರೆಯೇ? ಮುಂದಿನ ಸರದಿ ಬಂದಾಗ ಕೈಯಲ್ಲಿ ಬಕೆಟ್ ಹಿಡಿದು ಅವಳ ಬಾಗಿಲು ತಟ್ಟು, ಹೇಗೆ ಒರೆಸಬೇಕೆಂದು ತೋರಿಸಿಕೊಡಿ ಎನ್ನು. ಕೋಡುಬಳೆ ತಟ್ಟೆ ಹಿಡಿದು ಹೋಗುವುದೆಲ್ಲ ಆಮೇಲೆ. ಕಲಿಸು ಎಂದು ಕೇಳಿದವರ ಮೇಲೆ ಯಾವ ದೇಶದ ಅಜ್ಜಿಗೂ ಹೆಚ್ಚು ದಿನ ಸಿಟ್ಟು ನಿಲ್ಲುವುದಿಲ್ಲ.

ಭಾಷೆ ಹತ್ತುವುದಿಲ್ಲ ಎಂದೆ. ‘ಹುಡುಗಿ’ ಎನ್ನುವ ಪದವೇ ನಪುಂಸಕಲಿಂಗವಾಗಿರುವ ಭಾಷೆ ಯಾರಿಗೆ ತಾನೇ ಬೇಗ ಹತ್ತೀತು! ಆದರೆ ನಮ್ಮ ನಿಘಂಟಿನ ಕಿಟೆಲ್ ಕೊನೆಯುಸಿರೆಳೆದ ಟ್ಯೂಬಿಂಗನ್ ನಿನ್ನಿಂದ ದೂರವಿಲ್ಲ. ಅವರು 1853ರಲ್ಲಿ ಇಲ್ಲಿಗೆ ಬಂದರು, ನಿಘಂಟು ಅಚ್ಚಾದದ್ದು 1894ರಲ್ಲಿ. ನಿನಗೆ ಅಷ್ಟು ಸಮಯ ಕೊಡಲು ವೀಸಾದವರು ಒಪ್ಪಲಿಕ್ಕಿಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಇಂಗ್ಲಿಷ್ ಬಿಟ್ಟು ತಪ್ಪುತಪ್ಪಾಗಿಯೇ ಜರ್ಮನ್ ಆಡು.

ಇನ್ನು ಕೆಲವು ಪುಡಿ ವಿಷಯ. ಬರುವ ತಿಂಗಳು ಮನೆ ಬದಲಿಸುತ್ತೇನೆ ಎಂದಿದ್ದೀಯ. ಹೊಸ ಮನೆಗೆ ಹೋದ ಎರಡು ವಾರದೊಳಗೆ ಮನೆ ಮಾಲೀಕರ ಪತ್ರ ಹಿಡಿದು ನಗರ ಕಚೇರಿಯಲ್ಲಿ ವಿಳಾಸ ಬರೆಸಬೇಕು, ಅದನ್ನು ಸೋಮಾರಿತನದಿಂದ ಮುಂದಕ್ಕೆ ಹಾಕಬೇಡ. ಅಂಚೆಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವುದನ್ನೂ ಮರೆಯಬೇಡ. ಅಲ್ಲಿ ಮನೆಗಳಿಗೆ ಇಲ್ಲಿನಂತೆ ಫ್ಲಾಟ್ ನಂಬರ್ ಇರುವುದು ಅಪರೂಪ, ಹೆಸರೇ ಗುರುತು. ನಿನ್ನಣ್ಣ ಅಂಟಿಸಿರಲಿಲ್ಲ, ಅವನ ಬ್ಯಾಂಕ್ ಕಾರ್ಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಮೂರು ವಾರ ನನ್ನ ಕೈಯಲ್ಲಿದ್ದ ಯೂರೋದಲ್ಲಿ ಬದುಕಿದ. ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಲೇಬೇಕು, ಆ ಕಾಗದ ಬಂದರೆ ಮೋಸವೆಂದು ಹರಿದು ಹಾಕಬೇಡ. ಮೈ ಹುಷಾರು ತಪ್ಪುವ ಮೊದಲೇ ಹತ್ತಿರದಲ್ಲೊಬ್ಬ ಮನೆ ವೈದ್ಯರನ್ನು ಗೊತ್ತುಮಾಡಿಕೊ. ರಾತ್ರಿ ಹೊತ್ತು ತೀರಾ ತುರ್ತಲ್ಲದ್ದಕ್ಕೆ 116117, ಜೀವಕ್ಕೆ ಬಂದರೆ 112. ಎರಡನ್ನೂ ಗೋಡೆಯ ಮೇಲೆ ಬರೆದು ಅಂಟಿಸು, ಜ್ವರದಲ್ಲಿ ಮೊಬೈಲ್ ಹುಡುಕುವುದು ಕಷ್ಟ.

ಚಳಿಯೆಂದು ಕಿಟಕಿ ಮುಚ್ಚಿಕೊಂಡೇ ಇರುತ್ತೀಯಂತೆ. ಹೊಗೆಯಾಡುವಂತೆ ಸಾರು ಕುದಿಸಿ, ಒದ್ದೆ ಬಟ್ಟೆಯನ್ನು ಕೋಣೆಯಲ್ಲೇ ಹರವಿ ಕಿಟಕಿ ಮುಚ್ಚಿದರೆ ಗೋಡೆಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಮಳೆಗಾಲದಲ್ಲಿ ನಮ್ಮ ಪೆಟ್ಟಿಗೆಯ ರೇಷ್ಮೆ ಸೀರೆಯನ್ನು ನೋಡಿದವಳಲ್ಲವೇ ನೀನು? ಬೆಳಿಗ್ಗೆ ಸಂಜೆ ಐದು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದಿಟ್ಟು ಮತ್ತೆ ಮುಚ್ಚು. ಅಲ್ಲಿಯವರು ಮಾಡುವುದೂ ಹಾಗೆಯೇ.

ಡಿಸೆಂಬರಿನಲ್ಲಿ ಎಂಟು ಗಂಟೆಯ ಮೇಲೆ ಬೆಳಕು ಹರಿದು ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಕಾರಣವಿಲ್ಲದೆ ಅಳು ಬಂದರೆ ಹೆದರಬೇಡ. ಶ್ರಾವಣದ ಮಳೆಯಲ್ಲಿ ನನಗೂ ಬರುತ್ತಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಹೊರಗೆ ನಡೆದು ಬಾ, ಬೆಳಕಿರುವುದು ಆಗಲೇ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತರಕಾರಿ ತಂದಿಟ್ಟುಕೊ. ಖಾಲಿ ಮನೆಯ ಭಾನುವಾರ ತುಂಬ ಉದ್ದ, ಅದನ್ನು ಹೊಟ್ಟೆ ತುಂಬಿಸಿಕೊಂಡೇ ಎದುರಿಸಬೇಕು.

ಫೋನು ವಾರಕ್ಕೆರಡು ಸಲ ಸಾಕು, ಬುಧವಾರ ಒಂದು, ಭಾನುವಾರ ಒಂದು. ಭಾನುವಾರ ನಿನ್ನ ಬೆಳಿಗ್ಗೆ ಹತ್ತಕ್ಕೆ ಮಾಡು, ಇಲ್ಲಿ ಮಧ್ಯಾಹ್ನ ಎರಡೂವರೆ, ನಿನ್ನಮ್ಮ ಉಂಡು ಕೂತಿರುತ್ತಾಳೆ. ಅವಳಿಗೆ ನಾನು ಹೇಳಿದ್ದಾಗಿದೆ. ನನ್ನ ಮೇಲೆ ಮುನಿಸಿಕೊಂಡಿದ್ದಾಳೆ, ಇರಲಿ.

ಬೆಂಗಳೂರಿನಿಂದ ಬರುವ ನಿನ್ನ ಗೆಳತಿಯ ಕೈಯಲ್ಲಿ ಚಟ್ನಿಪುಡಿ, ರಾಗಿಹಿಟ್ಟು, ಗಟ್ಟಿ ಅವಲಕ್ಕಿ ಕಳುಹಿಸುತ್ತಿದ್ದೇನೆ. ಹಾಲಿನ ಪದಾರ್ಥ ಅಲ್ಲಿ ಒಳಗೆ ಬಿಡುವುದಿಲ್ಲವಾದ್ದರಿಂದ ತುಪ್ಪ ಇಟ್ಟಿಲ್ಲ, ಹುಡುಕಬೇಡ. ಎದುರು ಮನೆಯ ಕರೆಗಂಟೆಯ ಪಕ್ಕದಲ್ಲಿ ಅಜ್ಜಿಯ ಹೆಸರು ಬರೆದಿರುತ್ತದೆ. ಓದಿಕೊಂಡು ಬಂದು ಈ ಭಾನುವಾರ ನನಗೆ ಹೇಳು.

ಇತಿ,
ನಿನ್ನ ದೊಡ್ಡಮ್ಮ